ಅಳದ ಕೂಸು ಗುಣವಂತ ಕೂಸು ಅಂದ್ಕೋಬೇಡಿ

ಕಳೆದ ಮಳೆಗಾಲದಲ್ಲಿ ಸುದ್ದಿಗೆಂದು ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಹೆರಿಗೆ ವಾರ್ಡಿನಲ್ಲಿ ಒಬ್ಬ ಅಜ್ಜಿ ಎರಡು ದಿನದ ಮೊಮ್ಮಗನನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದರು. ಎರಡು ಕೆಜಿ ಚಿಲ್ಲರೆ ತೂಕದ ಕೂಸು. "ಎಷ್ಟು ಗುಣವಂತ ನೋಡಪ್ಪ, ಬೆಳಗ್ಗಿಂದ ಒಂದ್ಸಲನೂ ಅತ್ತಿಲ್ಲ" ಅಂದರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಹಾದು ಹೋಗುತ್ತಿದ್ದ ಸಿಸ್ಟರ್ ನಿಂತರು. ಅಂಗಾಲು ಮುಟ್ಟಿದರು, ತಣ್ಣಗಿತ್ತು. ಬಟ್ಟೆ ಸರಿಸಿ, ಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರು. 72. ಮತ್ತೊಮ್ಮೆ ಎಣಿಸಿದರು. ಅಷ್ಟೇ ಇತ್ತು. ಸ್ವಲ್ಪ ಹೊತ್ತಿನಲ್ಲೇ ಕೂಸು ಆಂಬುಲೆನ್ಸ್‌ನಲ್ಲಿ ಜಿಲ್ಲಾಸ್ಪತ್ರೆಗೆ ಹೊರಟಿತು. ನಂಜು ಏರುತ್ತಿತ್ತಂತೆ. ಕೂಸು ಉಳಿಯಿತು.

ಎರಡೂವರೆ ಕೆಜಿಗಿಂತ ಕಡಿಮೆ ತೂಕದ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಅಪಾಯ ಹೆಚ್ಚು. ನಂಜಾದರೂ ಜ್ವರ ಬರಲೇಬೇಕೆಂದಿಲ್ಲ, ಮೈ ತಣ್ಣಗೂ ಆಗಬಹುದು. ಹಾಲು ಬಿಡುವುದು, ಮಂಕಾಗುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಉಸಿರೆಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಹೋಗುವುದು, ಫಿಟ್ಸ್, ಅಂಗೈ ಅಂಗಾಲು ಹಳದಿಯಾಗುವುದು. ಇವು ಎಚ್ಚರಿಕೆಯ ಗುರುತುಗಳು.

ಸಿಸ್ಟರ್‌ಗಳಿಗೆ ಇದೆಲ್ಲ ಗೊತ್ತಿಲ್ಲವೇ? ತರಬೇತಿಯಲ್ಲಿ ಕಲಿತಿರುತ್ತಾರೆ. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಹೆರಿಗೆ, ಇಂಜೆಕ್ಷನ್, ರಿಜಿಸ್ಟರ್ ಎಲ್ಲ ನೋಡಬೇಕಾದಾಗ ಕಲಿತದ್ದು ಕೈಗೆ ಬರುವುದಿಲ್ಲ. ನನ್ನ ಪ್ರಕಾರ ಮೂರು ಕೆಲಸ ಆಗಬೇಕು. ಅಪಾಯವಿರುವ ಪ್ರತಿ ಕೂಸಿಗೆ ಒಂದು ಹಾಳೆ ಇರಲಿ. ಉಸಿರು, ಮೈಬಿಸಿ, ಹಾಲು ಕುಡಿದದ್ದು ಹೊತ್ತು ಹೊತ್ತಿಗೆ ಬರೆದರೆ ಮುಂದಿನ ಪಾಳಿಯವರಿಗೆ ಬದಲಾವಣೆ ತಕ್ಷಣ ಕಾಣುತ್ತದೆ. ಮಕ್ಕಳ ಡಾಕ್ಟರು ಆಗಾಗ ವಾರ್ಡಿನಲ್ಲೇ ನಿಂತು, ಕೂಸನ್ನು ಮುಂದಿಟ್ಟುಕೊಂಡು ಹೇಳಿಕೊಡಲಿ. ಮೂರನೆಯದು ದುಡ್ಡಿಲ್ಲದೆ ಆಗುವಂಥದ್ದು: ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ ಸಿಸ್ಟರನ್ನು ಯಾರೂ ಗದರಬಾರದು. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಬೆಳಗಾಗಲಿ ಅಂತ ಕಾಯುತ್ತಾರೆ. ಕೂಸಿಗೆ ಕಾಯುವಷ್ಟು ಹೊತ್ತಿರುವುದಿಲ್ಲ.

ನಮ್ಮ ಪಾಲೂ ಇದೆ. ದಿನವಿಡೀ ಕೂಸಿನ ಪಕ್ಕ ಇರುವವರು ತಾಯಿ, ಅಜ್ಜಿ. "ಯಾಕೋ ಹಾಲು ಕುಡೀತಿಲ್ಲ ಸಿಸ್ಟರ್" ಅನ್ನಲು ಸಂಕೋಚ ಬೇಡ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 42 ದಿನಗಳೊಳಗೆ ಆರು ಸಲ ಬರಬೇಕು. ಬಂದಾಗ ಉಸಿರು ಎಣಿಸಲು ಹೇಳಿ. ನಡುವೆ ಅನುಮಾನ ಬಂದರೆ ಅವರು ಬರುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಹತ್ತು ಸಲ ಅನುಮಾನ ಸುಳ್ಳಾದರೂ ನಷ್ಟವಿಲ್ಲ.