ನೆರೆ ಇಳಿದ ಮೇಲೆ ಊರು ಎಲ್ಲಿ ನಿಲ್ಲಬೇಕು?

ಕೃಷ್ಣರಾಜನಗರ ಹಳೆಯ ಊರಲ್ಲ. ಅದರ ವಯಸ್ಸು ನೂರರ ಆಸುಪಾಸು. ಅದಕ್ಕೂ ಮೊದಲು ಈ ತಾಲ್ಲೂಕಿನ ಕೇಂದ್ರವಾಗಿದ್ದುದು ಕಾವೇರಿಯ ದಡಕ್ಕೆ ಅಂಟಿಕೊಂಡಿದ್ದ ಎಡತೊರೆ. 1924ರ ಜುಲೈನಲ್ಲಿ ಪಶ್ಚಿಮಘಟ್ಟದ ಮೇಲೆ ಸುರಿದ ಮಳೆಯನ್ನು ಕೇರಳದವರು ಇಂದಿಗೂ ‘ತೊಂಬತ್ತೊಂಬತ್ತರ ಪ್ರವಾಹ’ ಎಂದು ನೆನೆಯುತ್ತಾರೆ; ಕೊಲ್ಲಂ ಶಕೆಯ 1099ನೇ ವರ್ಷವದು. ಮುನ್ನಾರಿನ ಪುಟ್ಟ ರೈಲುಮಾರ್ಗ ಆ ಮಳೆಗೆ ಸಿಕ್ಕಿ ಮತ್ತೆಂದೂ ಚೇತರಿಸಿಕೊಳ್ಳಲಿಲ್ಲ. ಘಟ್ಟದ ಈಚೆಗೆ ಅದೇ ಮಳೆ ಕಾವೇರಿಯನ್ನು ಉಕ್ಕಿಸಿ ಎಡತೊರೆಯೊಳಗೆ ನುಗ್ಗಿಸಿತು. ನೀರು ತಗ್ಗಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತ ಊರನ್ನು ಇದ್ದಲ್ಲೇ ದುರಸ್ತಿ ಮಾಡಿಸಲು ಹೋಗಲಿಲ್ಲ. ದಡದಿಂದ ಈಚೆಗೆ ಹೊಸ ಊರಿನ ನಕ್ಷೆ ಹಾಕಿಸಿತು. 1925ರಿಂದ 1930ರ ನಡುವೆ ಆ ಊರು ಎದ್ದಿತು, ಅರಸರ ಹೆಸರನ್ನೇ ಪಡೆಯಿತು.

ಜಗತ್ತಿನ ಮಹಾ ವಿಕೋಪಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸತ್ತವರ ಲೆಕ್ಕದಿಂದ ಓದುತ್ತೇವೆ. ಎಷ್ಟು ಸಾವಿರ ಜನ, ಎಷ್ಟು ಅಡಿ ಅಲೆ, ಎಷ್ಟು ತೀವ್ರತೆಯ ಕಂಪನ ಎಂಬುದು ನೆನಪಿನಲ್ಲಿ ಉಳಿಯುತ್ತದೆ. ಬದುಕುಳಿದವರ ಮುಂದೆ ಮರುದಿನವೇ ಬಂದು ನಿಲ್ಲುವ ಪ್ರಶ್ನೆ ಮಾತ್ರ ಹಿಂದೆ ಸರಿಯುತ್ತದೆ. ಇದ್ದ ಜಾಗದಲ್ಲೇ ಮತ್ತೆ ಗೋಡೆ ಎಬ್ಬಿಸಬೇಕೇ, ಗಂಟುಮೂಟೆ ಕಟ್ಟಿ ಬೇರೆಡೆಗೆ ಹೋಗಬೇಕೇ? ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳು ಈ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ಎದುರಿಸಿವೆ. ಕೃಷ್ಣರಾಜನಗರಕ್ಕೆ ಅದು ನೆರೆಯಾಗಿ ಬಂತು, ಎಚ್.ಡಿ.ಕೋಟೆಗೆ ಅಣೆಕಟ್ಟಾಗಿ ಬಂತು, ಹುಣಸೂರಿಗೆ ಕಾಡಿನ ಕಾನೂನಾಗಿ ಬಂತು. ಪಿರಿಯಾಪಟ್ಟಣಕ್ಕೆ ಹಿಮಾಲಯದಾಚೆಯಿಂದ ನೆಲೆ ಕಳೆದುಕೊಂಡು ಬಂದ ಜನರ ರೂಪದಲ್ಲಿ ಬಂತು.

ಯುರೋಪಿನಲ್ಲಿ ಈ ಪ್ರಶ್ನೆಯನ್ನು ಬಹಳ ಕ್ರಮವಾಗಿ ಚರ್ಚಿಸಿದ್ದು ಲಿಸ್ಬನ್. 1755ರ ನವೆಂಬರ್ 1ರ ಬೆಳಿಗ್ಗೆ ಭೂಕಂಪ, ಅದರ ಬೆನ್ನಿಗೆ ಸುನಾಮಿ, ಆಮೇಲೆ ದಿನಗಟ್ಟಲೆ ಉರಿದ ಬೆಂಕಿ ಪೋರ್ಚುಗಲ್ಲಿನ ಆ ರಾಜಧಾನಿಯನ್ನು ನೆಲಸಮ ಮಾಡಿದವು. ದೇವರು ಇಂಥದ್ದನ್ನು ಏಕೆ ಬಿಟ್ಟ ಎಂದು ತತ್ತ್ವಜ್ಞಾನಿಗಳು ವಾದಿಸುತ್ತಿದ್ದರು. ರೂಸೋ ಮರುವರ್ಷ ವಾಲ್ಟೇರನಿಗೆ ಬರೆದ ಪತ್ರದಲ್ಲಿ, ಆರೇಳು ಅಂತಸ್ತಿನ ಸಾವಿರಾರು ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ ಎಂಬುದನ್ನು ನೆನಪಿಸಿದ. ಆ ಹೊತ್ತಿಗೆ ಎಂಬತ್ತರ ಹತ್ತಿರವಿದ್ದ ಎಂಜಿನಿಯರ್ ಮನುವೆಲ್ ದ ಮಾಯ ಸರ್ಕಾರದ ಮುಂದೆ ಹಲವು ದಾರಿಗಳನ್ನು ಬರಹದಲ್ಲಿ ಇಟ್ಟಿದ್ದ. ಹಳೆಯ ನಗರವನ್ನು ಇದ್ದಂತೆಯೇ ಕಟ್ಟಬಹುದು. ಬೀದಿ ಅಗಲಿಸಿ ಕಟ್ಟಬಹುದು. ಮನೆಗಳ ಎತ್ತರ ತಗ್ಗಿಸಬಹುದು. ಎಲ್ಲವನ್ನೂ ಬಿಟ್ಟು ಪಕ್ಕದ ಬೆಲೆಂನಲ್ಲಿ ಹೊಸ ನಗರವನ್ನೇ ಹೂಡಬಹುದು. ಕೊನೆಗೆ ನಗರ ಇದ್ದಲ್ಲೇ ಉಳಿಯಿತು. ಬೀದಿಗಳು ಅಗಲವಾದವು. ಗೋಡೆಯೊಳಗೆ ಕಂಪನಕ್ಕೆ ಬಾಗಿ ನಿಲ್ಲಬಲ್ಲ ಮರದ ಚೌಕಟ್ಟು ಸೇರಿಸಿ ಮನೆ ಕಟ್ಟಬೇಕೆಂಬ ನಿಯಮವಾಯಿತು. ಲಿಸ್ಬನ್ ಜಾಗ ಬದಲಿಸದೆ ಕಟ್ಟುವ ಕ್ರಮವನ್ನು ಬದಲಿಸಿತು.

ಗ್ವಾಟೆಮಾಲದಲ್ಲಿ ನಡೆದದ್ದು ಬೇರೆ. 1773ರ ಭೂಕಂಪದ ನಂತರ ಸ್ಪೇನಿನ ಆಡಳಿತ ರಾಜಧಾನಿಯನ್ನು ಬೇರೊಂದು ಕಣಿವೆಗೆ ಸಾಗಿಸಲು ಆಜ್ಞೆ ಹೊರಡಿಸಿತು. ಆರ್ಚ್‌ಬಿಷಪ್ ಸಹಿತ ಅನೇಕರು ವಿರೋಧಿಸಿದರು. 1776ರಲ್ಲಿ ರಾಜಧಾನಿ ಹೋಯಿತು, ಎಲ್ಲ ಜನರೂ ಹೋಗಲಿಲ್ಲ. ಉಳಿದವರು ನಡೆಸಿಕೊಂಡು ಬಂದ ಆಂಟಿಗ್ವಾ ಇವತ್ತಿಗೂ ಜೀವಂತ ಊರು. ಪೆರುವಿನ ಯುಂಗಾಯ್ ಪಟ್ಟಣದ್ದು ಇನ್ನೂ ಗಟ್ಟಿ ಮನಸ್ಸು. 1970ರ ಮೇ 31ರಂದು ಭೂಕಂಪದಿಂದ ಹುವಾಸ್ಕರಾನ್ ಶಿಖರದ ಹಿಮಬಂಡೆ ಕಳಚಿ ಬಿದ್ದು ಇಡೀ ಪಟ್ಟಣವನ್ನು ಕೆಸರಿನಡಿ ಹೂತುಹಾಕಿತು. ಎತ್ತರದ ಸ್ಮಶಾನದ ಗುಡ್ಡ ಹತ್ತಿದವರು, ಊರಿಗೆ ಬಂದಿದ್ದ ಸರ್ಕಸ್ ನೋಡಲು ಹೋಗಿದ್ದ ಮಕ್ಕಳು ಉಳಿದರು. ಹೊಸ ಪಟ್ಟಣವನ್ನು ದೂರದ ಸುರಕ್ಷಿತ ಜಾಗದಲ್ಲಿ ಕಟ್ಟುತ್ತೇವೆ ಎಂದು ಅಧಿಕಾರಿಗಳು ಹೇಳಿದಾಗ ಆ ಅಳಿದುಳಿದವರು ಒಪ್ಪಲಿಲ್ಲ. ಸತ್ತವರು ಮಲಗಿರುವ ನೆಲದ ಮಗ್ಗುಲಲ್ಲೇ ಹೊಸ ಯುಂಗಾಯ್ ಎದ್ದಿತು.

ಇಷ್ಟು ನೋಡಿದರೆ, ಜನ ಅಪಾಯ ಅರಿಯದೆ ಹಟ ಹಿಡಿಯುತ್ತಾರೆ ಎಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನ ತಪ್ಪು. ಊರು ಎಂದರೆ ಮನೆಗಳ ಸಾಲಷ್ಟೇ ಅಲ್ಲ. ಗದ್ದೆಗೆ ನಡೆದುಹೋಗುವ ದೂರ, ಸಾಲ ಕೊಡುವ ಅಂಗಡಿ, ಕೂಲಿಗೆ ಕರೆಯುವ ನೆರೆಯವರು, ಹಬ್ಬದ ಗುಡಿ, ಹಿರಿಯರ ಸಮಾಧಿ ಎಲ್ಲ ಸೇರಿ ಒಂದು ಊರು. ಹೊಸ ಜಾಗದಲ್ಲಿ ಮನೆಯೊಂದನ್ನು ಮಾತ್ರ ಕೊಟ್ಟು ಉಳಿದದ್ದನ್ನೆಲ್ಲ ಕಿತ್ತುಕೊಂಡರೆ, ಮುಂದೆಂದೋ ಬರಬಹುದಾದ ನೆರೆಗಿಂತ ಈ ನಷ್ಟವೇ ದೊಡ್ಡದು ಎಂದು ಜನ ಲೆಕ್ಕ ಹಾಕುತ್ತಾರೆ. ಬಹಳ ಸಲ ಅವರ ಲೆಕ್ಕವೇ ಸರಿ.

ಎಡತೊರೆಯ ಸ್ಥಳಾಂತರ ಬಾಳಿದ್ದು ಇದೇ ಲೆಕ್ಕಕ್ಕೆ ಹೊಂದಿದ್ದರಿಂದ. ಹೊಸ ಊರು ನಡಿಗೆಯ ದೂರದಲ್ಲಿತ್ತು. ಕಾವೇರಿಯ ನಾಲೆ ನೀರು ಕುಡಿಯುವ ಭತ್ತದ ಗದ್ದೆಗಳು ಇದ್ದಲ್ಲೇ ಇದ್ದವು, ಒಡೆತನವೂ ಬದಲಾಗಲಿಲ್ಲ. ಅರ್ಕೇಶ್ವರನ ಗುಡಿ ಹಳೆಯ ಎಡತೊರೆಯಲ್ಲೇ ಉಳಿಯಿತು. ಪೂಜೆಗೆ, ಜಾತ್ರೆಗೆ ಜನ ಅಲ್ಲಿಗೆ ಹೋಗಿಬರುವುದು ನಿಲ್ಲಲಿಲ್ಲ. ಊರು ಪ್ರವಾಹದ ಗೆರೆಯಿಂದ ಹೊರಗೆ ಬಂತು, ಅನ್ನದ ಗೆರೆಯಿಂದ ಹೊರಗೆ ಹೋಗಲಿಲ್ಲ.

ಎಚ್.ಡಿ.ಕೋಟೆಯ ಕಥೆ ಇದಕ್ಕೆ ತಿರುಗುಮುರುಗು. ಬೀಚನಹಳ್ಳಿ ಬಳಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಸುಮಾರು 19.5 ಟಿಎಂಸಿ ನೀರು ಹಿಡಿಯುವ ಜಲಾಶಯದಡಿ ಹಳ್ಳಿಗಳು, ಹೊಲಗಳು, ಕಾಡಿನ ದೊಡ್ಡ ಭಾಗ ಮುಳುಗಿದವು. ಪುನ್ನಾಟ ಅರಸರ ರಾಜಧಾನಿ ಕೀರ್ತಿಪುರವೆಂದು ಇತಿಹಾಸಕಾರರು ಗುರುತಿಸುವ ಕಿತ್ತೂರಿನ ನೆಲವೂ ಹಿನ್ನೀರಿಗೆ ಸಂದಿತು. ಇಲ್ಲಿ ನೀರು ರಾತ್ರೋರಾತ್ರಿ ನುಗ್ಗಲಿಲ್ಲ. ವರ್ಷಗಟ್ಟಲೆ ಮೊದಲೇ ನೋಟಿಸು, ಸರ್ವೆ, ಪರಿಹಾರದ ಪಟ್ಟಿ ಬಂದಿದ್ದವು. ಆದರೂ ಮುಳುಗಡೆಯಾದವರ ಪಾಲಿಗೆ ಅದು ನೆರೆಗಿಂತ ಕಡಿಮೆಯದಲ್ಲ, ಏಕೆಂದರೆ ನೆರೆ ಇಳಿದ ಮೇಲೆ ಹೊಲ ಮತ್ತೆ ಕಾಣುತ್ತದೆ. ಪಹಣಿ ಇದ್ದವನಿಗೆ ಏನಾದರೂ ಪರಿಹಾರ ಬಂತು; ಪಹಣಿಯೇ ಇಲ್ಲದೆ ಕಾಡನ್ನು ನಂಬಿ ಬದುಕಿದ್ದ ಜೇನುಕುರುಬರು, ಕಾಡುಕುರುಬರು ಯಾವ ದಾಖಲೆ ತೋರಿಸಬೇಕಿತ್ತು? ನೀರಾವರಿಯ ಹಸಿರು ಬಹುಪಾಲು ಕೆಳಗಿನ ತಾಲ್ಲೂಕುಗಳಲ್ಲಿ ಅರಳಿತು. ಕಳೆದುಕೊಂಡವರೊಬ್ಬರು, ಗಳಿಸಿದವರೊಬ್ಬರು. ವಿಕೋಪಗಳ ಯಾವ ಪ್ರಸಿದ್ಧ ಪಟ್ಟಿಯಲ್ಲೂ ಇಂಥ ಮುಳುಗಡೆಗೆ ಜಾಗವಿಲ್ಲ. ಯಾರೂ ಸಾಯದಿದ್ದರೂ ಊರುಗಳು ಸಾಯುತ್ತವೆ ಎಂಬುದನ್ನು ಅಂಥ ಪಟ್ಟಿಗಳು ಗಮನಿಸುವುದಿಲ್ಲ.

ಹುಣಸೂರು ಕಡೆಯ ಅನುಭವ ಇನ್ನೂ ಸೂಕ್ಷ್ಮ. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ, 1999ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ, ಕಾಡಿನೊಳಗಿನ ಆದಿವಾಸಿ ಹಾಡಿಗಳನ್ನು ಹೊರಗೆ ತರುವ ಕೆಲಸಕ್ಕೆ ವೇಗ ಬಂತು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಮನೆ, ಜಮೀನು, ಶಾಲೆ ಸಿಕ್ಕವು. ಅದನ್ನು ಅಲ್ಲಗಳೆಯಬೇಕಿಲ್ಲ; ಮಕ್ಕಳನ್ನು ಓದಿಸಬೇಕು, ಆಸ್ಪತ್ರೆ ಹತ್ತಿರವಿರಬೇಕು ಎಂದು ಬಯಸಿ ಬಂದವರೂ ಇದ್ದಾರೆ. ಆದರೆ ಜೇನು, ಗೆಡ್ಡೆ, ಸೊಪ್ಪು, ದೈವದ ನೆಲೆಗಳ ತಿಳಿವಳಿಕೆಯೇ ಆಸ್ತಿಯಾಗಿದ್ದ ಸಮುದಾಯಕ್ಕೆ ಬಯಲಿನ ಒಣ ಬೇಸಾಯ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಕೂಲಿಗಾಗಿ ಕೊಡಗಿನ ಕಾಫಿ ತೋಟಗಳ ದಾರಿ ಹಿಡಿದವರು ಅನೇಕರು. 2006ರ ಅರಣ್ಯ ಹಕ್ಕು ಕಾಯ್ದೆ, ಹಕ್ಕುಗಳನ್ನು ಇತ್ಯರ್ಥಪಡಿಸದೆ, ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾರನ್ನೂ ಎಬ್ಬಿಸಬಾರದೆಂದು ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ, ಇದು ನಮ್ಮ ಹಿರಿಯರ ನೆಲ ಎಂದು ಗುಡಿಸಲು ಹಾಕಿದ್ದು ದಶಕಗಳ ಹಿಂದಿನ ಸ್ಥಳಾಂತರ ಇನ್ನೂ ಮುಗಿದಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಗಾದರೆ ದೂರದ ಸ್ಥಳಾಂತರ ಎಂದೂ ಬಾಳುವುದಿಲ್ಲವೇ? ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಈ ಸಂಶಯಕ್ಕೆ ಎದುರಾಗಿ ನಿಂತಿದೆ. 1959ರಲ್ಲಿ ಟಿಬೆಟ್ಟಿನಿಂದ ಓಡಿಬಂದವರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ನೀಡಿತು. ಮೊದಲು ಬಂದವರಿಗೆ ಈ ಸೆಕೆ, ಈ ಮಳೆ, ಆನೆಗಳ ಹಾವಳಿ ಎಲ್ಲವೂ ಹೊಸದು. ಕಾಡು ಕಡಿದು ನೆಲ ಹದಮಾಡುವುದರಲ್ಲೇ ಹಲವರು ಕಾಯಿಲೆಬಿದ್ದರು. ಅಷ್ಟಾಗಿಯೂ ಅವರು ಒಡೆದು ಚೂರಾಗಲಿಲ್ಲ. ಒಟ್ಟಾಗಿ ಬಂದರು, ಕ್ಯಾಂಪುಗಳಲ್ಲಿ ಒಟ್ಟಾಗಿ ನೆಲೆಸಿದರು. ಸಹಕಾರ ಸಂಘದ ಮೂಲಕ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಪಡೆದು ಮುಸುಕಿನ ಜೋಳ ಬೆಳೆದರು. ಶಾಲೆ ತೆರೆದರು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಸ್ಥಾಪನೆಯಾಯಿತು; ಲ್ಹಾಸಾದ ಸೆರಾ ಮಠ ಇಲ್ಲಿ ಮರುಹುಟ್ಟು ಪಡೆಯಿತು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ನೆಲೆ ಬೆಳೆಯಿತು. ಸಾವಿರಾರು ಮೈಲಿ ದೂರ ಬಂದರೂ ಸಮುದಾಯ ಇಡಿಯಾಗಿತ್ತು, ಕೈಗೆ ಭೂಮಿ ಸಿಕ್ಕಿತು, ಒಳಗಿನ ವ್ಯವಹಾರಗಳ ತೀರ್ಮಾನ ಅವರಲ್ಲೇ ಉಳಿಯಿತು. ಕೆಲವೇ ಮೈಲಿ ಈಚೆಗೆ ಬಂದ ಹಾಡಿಯವರಿಗೆ ಈ ಮೂರೂ ಒಟ್ಟಿಗೆ ದಕ್ಕಲಿಲ್ಲ. ಸ್ಥಳಾಂತರದ ಯಶಸ್ಸನ್ನು ಮೈಲಿಗಲ್ಲಿನಿಂದ ಅಳೆಯಲಾಗದು ಎಂಬುದಕ್ಕೆ ಅಕ್ಕಪಕ್ಕದ ಈ ಎರಡು ನೆಲೆಗಳಿಗಿಂತ ಬೇರೆ ಪುರಾವೆ ಬೇಕಿಲ್ಲ.

ಸರ್ಕಾರಗಳು ಈ ಪಾಠವನ್ನು ಮತ್ತೆ ಮತ್ತೆ ಮರೆತಿವೆ. 1993ರ ಲಾತೂರು ಭೂಕಂಪದ ನಂತರ ಮಹಾರಾಷ್ಟ್ರ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಒಯ್ದು, ನಗರದ ಬಡಾವಣೆಯಂತೆ ಚೌಕಚೌಕವಾಗಿ ಹರಡಿತು. ದನಕರು, ಅಂಗಳ, ಒಕ್ಕಲುತನಕ್ಕೆ ಹೊಂದದ ಆ ಮನೆಗಳನ್ನು ಜನ ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳಬೇಕಾಯಿತು. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಮನೆಗಳ ಸಾಲುಗಳೇ ಎದ್ದವು. ಹೊಲ ದೂರವಾಯಿತು, ನೀರು ದೀಪ ಸರಿಯಾಗಲಿಲ್ಲ, ಎರಡು ಕೋಣೆಯಲ್ಲಿ ಕೂಡುಕುಟುಂಬ ಹಿಡಿಸಲಿಲ್ಲ ಎಂದು ಅನೇಕರು ಹಳೆಯ ಊರಿನಲ್ಲೇ ಉಳಿದರು.

ಎಲ್ಲ ಅಪಾಯಕ್ಕೂ ಸ್ಥಳಾಂತರವೇ ಮದ್ದಲ್ಲ ಎಂಬುದನ್ನೂ ಹೇಳಬೇಕು. 1999ರ ಮಹಾ ಚಂಡಮಾರುತದಲ್ಲಿ ಒಡಿಶಾ ಸುಮಾರು 10,000 ಜನರನ್ನು ಕಳೆದುಕೊಂಡಿತು. 2013ರಲ್ಲಿ ಫೈಲಿನ್ ಬಂದಾಗ ಸತ್ತವರು ಐವತ್ತರೊಳಗೆ. ಕರಾವಳಿಯ ಹಳ್ಳಿಗಳು ಕದಲಿರಲಿಲ್ಲ. ಮುನ್ಸೂಚನೆ, ಆಶ್ರಯ ಕಟ್ಟಡ, ಜನರನ್ನು ಸಮಯಕ್ಕೆ ಕರೆದೊಯ್ಯುವ ವ್ಯವಸ್ಥೆ ಬಂದಿದ್ದವು. ಕಬಿನಿಯ ಕೆಳಗಿನವರಿಗೆ ಬೇಕಾದದ್ದು ಹೆಚ್ಚಾಗಿ ಇದೇ. ವಯನಾಡಿನಲ್ಲಿ ಮಳೆ ಬಿದ್ದು, ಬಾಣಾಸುರ ಸಾಗರದ ಗೇಟು ತೆರೆದರೆ ಆ ನೀರು ಕಬಿನಿ ಜಲಾಶಯಕ್ಕೇ ಬರುತ್ತದೆ. ಎರಡು ರಾಜ್ಯಗಳ ನಡುವೆ ಸುದ್ದಿ ಎಷ್ಟು ಬೇಗ ಓಡುತ್ತದೆ ಎಂಬುದರ ಮೇಲೆ ಕೆಳದಂಡೆಯ ಸುರಕ್ಷತೆ ನಿಂತಿದೆ.

ಆದರೆ ನದಿಪಾತ್ರದೊಳಕ್ಕೇ ಸರಿದ ಮನೆಗಳ ಮಾತು ಬೇರೆ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕೊಡಗಿನ ಮಳೆ ಕೆಳಗಿಳಿದಾಗ ಕಾವೇರಿ ಕುಶಾಲನಗರದ ಬಡಾವಣೆಗಳನ್ನು ತುಂಬಿತು, ಎದುರು ದಡದ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪವನ್ನೂ ಬಿಡಲಿಲ್ಲ. 2019ರಲ್ಲಿ ಲಕ್ಷ್ಮಣತೀರ್ಥ ಹುಣಸೂರು ಪಟ್ಟಣದ ತಗ್ಗು ಪ್ರದೇಶಗಳಿಗೆ ನುಗ್ಗಿತು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದ್ದು ದೊಡ್ಡ ನೆರವೇ. ಆದರೆ ಆ ಹಣ ಕಟ್ಟಡಕ್ಕೆ, ನಿವೇಶನಕ್ಕಲ್ಲ. ಬೇರೆ ಜಾಗವಿಲ್ಲದ ಕೂಲಿಯವನು ತನ್ನ ಹಕ್ಕುಪತ್ರ ಎಲ್ಲಿದೆಯೋ ಅಲ್ಲೇ, ಅಂದರೆ ಹೊಳೆಯ ಅಂಚಿನಲ್ಲೇ, ಮತ್ತೆ ತಳಪಾಯ ತೋಡಬೇಕು. ಹೀಗೆ ಪರಿಹಾರದ ನಿಯಮವೇ ಮುಂದಿನ ನೆರೆಗೆ ಮನೆ ಸಿದ್ಧಮಾಡಿಕೊಡುತ್ತದೆ.

ನೂರು ವರ್ಷದ ಹಿಂದೆ ಒಂದು ರಾಜ್ಯ ಪಟ್ಟಣವನ್ನೇ ಸರಿಸುವ ಖರ್ಚನ್ನು ಹೊತ್ತಿತ್ತು. ಇಂದಿನ ಪಂಚಾಯಿತಿಗಳಿಂದ ಕೇಳಬೇಕಾದದ್ದು ಅದಕ್ಕಿಂತ ಚಿಕ್ಕದು. 2018 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕಂಡ ಜನ ಇನ್ನೂ ಊರಲ್ಲಿರುವಾಗಲೇ, ಆ ಗೆರೆಯನ್ನು ಗ್ರಾಮದ ನಕ್ಷೆಯಲ್ಲಿ ದಾಖಲಿಸಬೇಕು. ಗೆರೆಯೊಳಗೆ ಹೊಸ ಬಡಾವಣೆಗೆ ಅನುಮತಿ ಕೊಡಬಾರದು. ಈಗಾಗಲೇ ಒಳಗಿರುವವರಿಗೆ ಅದೇ ಊರಿನ ಎತ್ತರದಲ್ಲಿ, ಗದ್ದೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ನಿವೇಶನ ಗುರುತಿಸಿಟ್ಟು, ಹೋಗುವುದು ಯಾವಾಗ, ಯಾರ ಪಕ್ಕದಲ್ಲಿ ಯಾರ ಮನೆ ಎಂಬುದನ್ನು ಅವರೇ ಗ್ರಾಮಸಭೆಯಲ್ಲಿ ಕೂತು ತೀರ್ಮಾನಿಸಲು ಬಿಡಬೇಕು. ಪರಿಹಾರ ನಿಧಿಯಲ್ಲಿ ಒಂದು ಪಾಲು ಭೂಮಿ ಕೊಳ್ಳಲು ಮೀಸಲಾಗಬೇಕು, ಅದು ನೆರೆ ಸಂತ್ರಸ್ತರಿಗೆ ಕಾಳಜಿ ಕೇಂದ್ರ ತೆರೆಯುವ ಮೊದಲೇ ತಹಶೀಲ್ದಾರರ ಕೈಯಲ್ಲಿರಬೇಕು. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿ ಮೂರೂ ಉಕ್ಕುವುದು ಒಂದೇ ಘಟ್ಟದ ಮಳೆಗೆ. ಆದ್ದರಿಂದ ಈ ಕೆಲಸವನ್ನು ನಾಲ್ಕು ತಾಲ್ಲೂಕುಗಳೂ ಒಟ್ಟಿಗೆ, ಒಂದೇ ಬೇಸಿಗೆಯಲ್ಲಿ ಆರಂಭಿಸಲು ಅಡ್ಡಿಯಾವುದೂ ಇಲ್ಲ.