ನದಿ ಮನುಷ್ಯ ಆದ್ರೆ ಸಾಕಾ?

‘ನದಿಗೂ ಮನುಷ್ಯನ ಹಕ್ಕು!’ ಅನ್ನೋ ರೀಲ್ ನಮ್ಮ ಹಾಸ್ಟೆಲ್ ಗ್ರೂಪಿಗೆ ಆಗಾಗ ಬರುತ್ತೆ. ನ್ಯೂಜಿಲೆಂಡಿನ ವಾಂಗನುಯಿ ನದಿಯ ಕತೆ ಅದು. ಒಂದು ಹಾರ್ಟ್ ಒತ್ತಿ ಮುಂದೆ ಹೋಗ್ತೀವಿ. ಎಂಜಿನಿಯರಿಂಗ್ ಓದೋ ನಾವು ಅಷ್ಟಕ್ಕೇ ನಿಲ್ಲಬಾರದು ಅನ್ನೋದು ನಮ್ಮ ವಾದ. ಯಾಕಂದ್ರೆ ಆ ಕತೆಯಲ್ಲಿ ನಮ್ಮ ವೃತ್ತಿಯವರೂ ಇದ್ದಾರೆ.

ಸುಮಾರು 290 ಕಿಲೋಮೀಟರ್ ಉದ್ದದ ಈ ನದಿ, ದಡದ ಮಾವೋರಿ ಜನರ ಪಾಲಿಗೆ ಆಸ್ತಿಯಲ್ಲ, ವಂಶದ ಹಿರಿಯ ಜೀವ. ಇದು ಬರೀ ನಂಬಿಕೆಯೂ ಅಲ್ಲ. ಯಾವ ಮನೆತನ ಎಲ್ಲಿ ಹಾವುಮೀನು ಹಿಡಿಯಬೇಕು, ಯಾರು ಯಾವ ಜಾಗ ಕಾಯಬೇಕು ಅಂತ ಹೇಳುವ ಕಟ್ಟುಪಾಡು ಅವರಲ್ಲಿತ್ತು. ಅದಕ್ಕೆ ‘ಟಿಕಾಂಗ’ ಅಂತಾರೆ. 1840ರ ವೈಟಾಂಗಿ ಒಪ್ಪಂದದ ನಂತರ ಬಂದ ಸರ್ಕಾರ ಇದನ್ನ ಕಾನೂನು ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ. ಸ್ಟೀಮರ್ ಓಡಾಡಲಿ ಅಂತ ಮೀನಿನ ಕಟ್ಟೆಗಳನ್ನ ಒಡೆದರು. 1903ರಲ್ಲಿ ಕಲ್ಲಿದ್ದಲು ಗಣಿ ಕಾಯ್ದೆಗೆ ತಂದ ಒಂದು ತಿದ್ದುಪಡಿ, ದೋಣಿ ಸಾಗುವ ನದಿಗಳ ತಳವೆಲ್ಲ ಸರ್ಕಾರದ್ದು ಅಂದಿತು. 1938ರಲ್ಲಿ ಕೋರ್ಟಿಗೆ ಹೋದ ಜನ 1962ರಲ್ಲಿ ಸೋತರು. 1970ರ ದಶಕದಲ್ಲಿ ಟೊಂಗರಿರೊ ವಿದ್ಯುತ್ ಯೋಜನೆ ನದಿಯ ಮೇಲ್ಭಾಗದ ನೀರನ್ನ ಬೇರೆ ಕಣಿವೆಗೇ ತಿರುಗಿಸಿತು.

2017ರಲ್ಲಿ ಬಂದ ಇತ್ಯರ್ಥ ಕಾಯ್ದೆಯಲ್ಲಿ ಸರ್ಕಾರ ಕ್ಷಮೆ ಕೇಳಿತು. 8 ಕೋಟಿ ನ್ಯೂಜಿಲೆಂಡ್ ಡಾಲರ್ ಪರಿಹಾರ, ನದಿಯ ಆರೋಗ್ಯಕ್ಕೆ ಅಂತ 3 ಕೋಟಿಯ ನಿಧಿ. ಬೆಟ್ಟದಿಂದ ಕಡಲಿನವರೆಗೆ ನದಿ ಒಂದೇ ಜೀವ ಅಂತ ಕಾಯ್ದೆಯೇ ಒಪ್ಪಿತು. ನದಿಯ ಪರವಾಗಿ ಮಾತಾಡೋಕೆ ಇಬ್ಬರು: ಒಬ್ಬರು ಮಾವೋರಿ ಕಡೆಯಿಂದ, ಒಬ್ಬರು ಸರ್ಕಾರದ ಕಡೆಯಿಂದ.

ಅದೇ ವರ್ಷ ಮಾರ್ಚಿನಲ್ಲಿ ನಮ್ಮ ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನೆಯರನ್ನೂ ‘ವ್ಯಕ್ತಿ’ ಅಂದಿತು. ಪ್ರವಾಹ ಬಂದ್ರೆ ನಷ್ಟ ಕೊಡೋದು ಯಾರು ಅಂತ ರಾಜ್ಯ ಸರ್ಕಾರ ಮೇಲಕ್ಕೆ ಹೋಯ್ತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಾವು ಬಿರುದನ್ನ ಕಾಪಿ ಹೊಡೆದೆವು, ಅದರ ಹಿಂದಿನ ಲೆಕ್ಕ ಬಿಟ್ಟೆವು. ಅಲ್ಲಿ ಬಿರುದು ಬಂದದ್ದು ಕೊನೆಗೆ. ಅದಕ್ಕೂ ಮೊದಲು ನೂರು ವರ್ಷಕ್ಕೂ ಮಿಕ್ಕ ಜಗಳ, ವಿಚಾರಣೆ, ತಪ್ಪೊಪ್ಪಿಗೆ ಎಲ್ಲ ಆಗಿತ್ತು.

ಹಾಗಂತ ಅಲ್ಲೂ ಎಲ್ಲ ಸರಿಹೋಗಿಲ್ಲ. ಕ್ಷಮೆ ಬಂತು, ದುಡ್ಡು ಬಂತು, ಆದರೆ ವಿದ್ಯುತ್ ಯೋಜನೆಯ ಪರವಾನಗಿಗಳನ್ನ ಆ ಕಾಯ್ದೆ ಮುಟ್ಟಲಿಲ್ಲ. ತಿರುಗಿಸಿದ ನೀರು ಇನ್ನೂ ತಿರುಗಿಯೇ ಹರೀತಿದೆ. ‘ಕರೆಂಟ್ ಬೇಡ್ವಾ ಮತ್ತೆ?’ ಅಂತ ಯಾರಾದ್ರೂ ಕೇಳಬಹುದು. ಬೇಕು, ಖಂಡಿತ ಬೇಕು. ಆದರೆ ಎಷ್ಟು ನೀರು ತಿರುಗಿಸಬೇಕು ಅಂತ ಲೆಕ್ಕ ಹಾಕುವಾಗ ದಡದವರನ್ನ ಯಾರಾದ್ರೂ ಕೇಳಿದ್ರಾ? ಕೇಳಿದ್ದಿದ್ರೆ ಕಾಲುವೆಯ ನಕ್ಷೆಯೇ ಬೇರೆ ಇರ್ತಿತ್ತೇನೋ. ಕಾಂಕ್ರೀಟ್ ಹಾಕಿದ ಮೇಲೆ ಸಂಧಾನ ಮಾಡೋದು ಎಷ್ಟು ಕಷ್ಟ ಅನ್ನೋದಕ್ಕೆ ಈ ನದಿಯೇ ಸಾಕ್ಷಿ.

ಹೈಡ್ರಾಲಜಿ ಕ್ಲಾಸಿನಲ್ಲಿ ನಾವು ಮಳೆ, ಹರಿವು, ಆವಿ ಎಲ್ಲ ಲೆಕ್ಕ ಹಾಕ್ತೀವಿ. ನಾಳೆ ನಮ್ಮಲ್ಲೇ ಕೆಲವರು ಯಾವುದೋ ಕಣಿವೆಯ ಸರ್ವೇಗೆ ಹೋಗ್ತೀವಿ. ಆಗ ಟೋಟಲ್ ಸ್ಟೇಷನ್ ನಿಲ್ಲಿಸೋ ಮುಂಚೆ ಒಂದು ಪ್ರಶ್ನೆ ಕೇಳೋಣ: ಈ ನೀರಿಗೆ ಈಗಾಗಲೇ ಯಾರ ಕಾನೂನು ಇದೆ? ಉತ್ತರ ಫೈಲಿನಲ್ಲಿ ಸಿಗದೇ ಇರಬಹುದು. ದಡದಲ್ಲಿ ಕೂತವರನ್ನ ಕೇಳಿದ್ರೆ ಸಿಗುತ್ತೆ.