ಪೀಪಾಯಿಯ ಬಿಯರಿಗೆ ಐವತ್ತಕ್ಕೆ ಎಷ್ಟು?

ನಮ್ಮ ಪರಿಚಯದ ಮೇಷ್ಟ್ರೊಬ್ಬರು ಕಳೆದ ತಿಂಗಳು ಮನೆಗೆ ಬಂದಾಗ ಅವರ ಜೇಬಿನಲ್ಲಿ ಮಡಿಸಿಟ್ಟ ಒಂದು ಹಾಳೆಯಿತ್ತು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ಅವರ ಇಪ್ಪತ್ತೈದು ವರ್ಷದ ಮಗ ಶಿಕಾಗೋದಲ್ಲಿ ಆಹಾರ ವಿಜ್ಞಾನ ಓದುತ್ತಿದ್ದಾನೆ. 'ಏನೋ ಓದ್ತಾ ಇದ್ದಾನೆ ಅಂತ ದುಡ್ಡು ಕಳಿಸಿದ್ರೆ, ಇವನು ಅಲ್ಲಿ ಬಿಯರಿಗೆ ಮಾರ್ಕ್ಸ್ ಹಾಕ್ತಾ ಕೂತಿದ್ದಾನೆ. ನೋಡಿ ಸ್ವಾಮಿ!' ಎಂದು ಹಾಳೆಯನ್ನು ನನ್ನ ಮುಂದೆ ಹಿಡಿದರು.

ಮನೆಮಂದಿಯೆಲ್ಲ ಓದುವ ಪುಟದಲ್ಲಿ ಬಿಯರಿನ ಮಾತೇ ಎಂದು ಹುಬ್ಬೇರಿಸಬೇಡಿ. ಮೇಷ್ಟ್ರೂ ಮೊದಲು ಹುಬ್ಬೇರಿಸಿದ್ದರು. ಆದರೆ ಹಾಳೆಯನ್ನು ಓದುತ್ತ ಹೋದಂತೆ ಅವರ ಗಮನ ಬಿಯರಿನಿಂದ ಅಂಕಗಳ ಕಡೆಗೆ ಜಾರಿತ್ತು. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ತುಂಬಿಕೊಳ್ಳುವ ಬಗೆಗೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಪ್ರತಿ ಸಾಲಿನ ಎದುರಿಗೂ ಅಷ್ಟು ಅಂಕ ಏಕೆ ಎಂದು ಬರೆಯಲು ಜಾಗ. ಇದು 1985ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಮ್' ಎಂಬ ಸಂಸ್ಥೆಯ ಪದ್ಧತಿ. ಪರೀಕ್ಷೆ ಬರೆದು ಪಾಸಾದವರೇ ಅಲ್ಲಿ ಅಧಿಕೃತ ತೀರ್ಪುಗಾರರು. ಮೇಷ್ಟ್ರ ಮಗ ಇನ್ನೂ ಕಲಿಯುತ್ತಿರುವವನು.

ಅವನು ಅಂಕ ಕೊಟ್ಟದ್ದು ಮಾಮೂಲಿ ಬಿಯರಿಗಲ್ಲ, ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಗಡಸು ಏಲ್‌ಗೆ. ಏಲ್ ಎಂದರೆ ಬೆಚ್ಚಗಿನ ವಾತಾವರಣದಲ್ಲಿ ಹುದುಗು ಬರಿಸಿದ ಬಿಯರ್. ಸಾಧಾರಣ ಬಿಯರಿನಲ್ಲಿ ಮದ್ಯಸಾರ ನೂರಕ್ಕೆ 5ರಷ್ಟಿದ್ದರೆ ಈ ಬಗೆಯದರಲ್ಲಿ 12 ದಾಟುವುದುಂಟು. ಶಿಕಾಗೋದ ಗೂಸ್ ಐಲ್ಯಾಂಡ್ ಎಂಬ ಕಾರ್ಖಾನೆಯವರು 1990ರ ದಶಕದಲ್ಲಿ, ಬೂರ್ಬನ್ ವಿಸ್ಕಿ ತುಂಬಿಟ್ಟಿದ್ದ ಹಳೆಯ ಪೀಪಾಯಿಗಳನ್ನು ತಂದು ಅದರಲ್ಲಿ ತಮ್ಮ ಕಪ್ಪು ಏಲ್ ತುಂಬಿದರು. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಇದೊಂದು ದೊಡ್ಡ ಹುಚ್ಚೇ ಆಯಿತು.

ಹಳೆಯ ಪೀಪಾಯಿ ಅಷ್ಟು ಸಲೀಸಾಗಿ ಸಿಗಲು ಅಲ್ಲಿನ ಕಾನೂನು ಕಾರಣ. ಬೂರ್ಬನ್ ಎಂಬ ಹೆಸರು ಬೇಕಾದರೆ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ್ದು ಅವರಿಗೆ ಮತ್ತೆ ಬೂರ್ಬನ್ನಿಗೆ ಬಾರದು. ಸುಮಾರು 200 ಲೀಟರು ಹಿಡಿಯುವ ಗಟ್ಟಿಮುಟ್ಟಾದ ಪೀಪಾಯಿ, ಆದರೆ ಒಂದೇ ಬಾಳಿಕೆ. ಅದನ್ನು ಸ್ಕಾಟ್ಲೆಂಡಿನವರು ಕೊಳ್ಳುತ್ತಾರೆ, ಬಿಯರಿನವರು ಕೊಳ್ಳುತ್ತಾರೆ. ಮರವನ್ನು ಸುಟ್ಟಾಗ ಅದರೊಳಗಿನ ಲಿಗ್ನಿನ್ ಎಂಬ ಗಟ್ಟಿ ವಸ್ತು ಒಡೆದು ವೆನಿಲಿನ್ ಆಗುತ್ತದೆ. ವೆನಿಲಾ ಕೋಡಿನಲ್ಲಿರುವ ಮುಖ್ಯ ಪರಿಮಳವೂ ಇದೇ. (ಬೆಲೆ ಏರಿದಾಗ ಬಳ್ಳಿ ನೆಟ್ಟು, ಬೆಲೆ ಕುಸಿದಾಗ ಕೈ ಸುಟ್ಟುಕೊಂಡ ನಮ್ಮ ಮಲೆನಾಡಿನ ಬೆಳೆಗಾರರಿಗೆ ವೆನಿಲಾ ಹೆಸರು ಮರೆತಿರಲಾರದು.) ಓಕ್ ಮರದ ಇನ್ನೊಂದು ರಾಸಾಯನಿಕಕ್ಕೆ ಕೊಬ್ಬರಿಯ ವಾಸನೆ. ಹಲಗೆಗಳಲ್ಲಿ ಇಂಗಿದ್ದ ವಿಸ್ಕಿಯೂ ಒಂದಿಷ್ಟು ಬಿಟ್ಟುಕೊಳ್ಳುತ್ತದೆ. ಸಂದಿಗೊಂದಿಗಳಿಂದ ಒಳನುಸುಳುವ ಚೂರು ಆಮ್ಲಜನಕ ಒಣದ್ರಾಕ್ಷಿಯಂಥ ರುಚಿ ತರುತ್ತದೆ.

ಹೀಗೆ ಎಲ್ಲವೂ ಸರಿಹೋದರೆ ಸರಿ. ಕೆಟ್ಟರೆ? ಗೂಸ್ ಐಲ್ಯಾಂಡಿನವರಿಗೇ ಅದರ ಅನುಭವವಾಯಿತು. 2015ರ ಅವರ ಪೀಪಾಯಿ ಏಲ್‌ಗಳಲ್ಲಿ ಕೆಲವು ಹುಳಿಯಾಗಿದ್ದವು. ನಮ್ಮ ಮೊಸರಿನ ಬ್ಯಾಕ್ಟೀರಿಯಾದ ದಾಯಾದಿಯೊಂದು ಅಷ್ಟು ಮದ್ಯಸಾರದ ನಡುವೆಯೂ ಬದುಕಿಕೊಂಡಿತ್ತು. 2016ರಲ್ಲಿ ಕಂಪನಿ ಕೊಂಡವರಿಗೆ ಹಣ ವಾಪಸು ಕೊಡಬೇಕಾಯಿತು. ರುಚಿ ನೋಡುವವನ ನಾಲಿಗೆ ಹುಡುಗಾಟದ ಸಂಗತಿಯಲ್ಲ ಎಂದು ಮೇಷ್ಟ್ರಿಗೆ ಅನಿಸಿದ್ದು ಇದನ್ನು ಕೇಳಿದ ಮೇಲೆ.

ಈಗ ಅಂಕದ ಹಾಳೆಗೆ ಬರೋಣ. ಹಗುರವಾದ ಬಿಯರುಗಳು ಮೊದಲು, ಗಡಸಾದವು ಕೊನೆಗೆ. ಮೊದಲೇ ಗಡಸನ್ನು ಚಪ್ಪರಿಸಿದರೆ ನಾಲಿಗೆ ಮಿಕ್ಕವಕ್ಕೆ ಮಂಕಾಗುತ್ತದೆ. ನಡುನಡುವೆ ನೀರು, ಒಂದು ತುಣುಕು ಬ್ರೆಡ್ಡು. ಯಾರ ತಯಾರಿಕೆ ಎಂಬುದು ಗುಟ್ಟು. ಲೋಟದ ಮೇಲೆ ಬರೀ ನಂಬರು, ನಮ್ಮ ಉತ್ತರ ಪತ್ರಿಕೆಗಳಂತೆ. ಸುರಿದ ಕೂಡಲೇ ಮೂಸಬೇಕು, ಏಕೆಂದರೆ ಪರಿಮಳ ಕಾಯುವುದಿಲ್ಲ. ತೀರಾ ತಣ್ಣಗಿದ್ದರೂ ವಾಸನೆ ಮೇಲೇಳದು. ಅಂಗೈಯಲ್ಲಿ ಲೋಟ ಹಿಡಿದು ಬೆಚ್ಚಗಾಗಿಸುತ್ತಾರೆ. ಇಬ್ಬರು ತೀರ್ಪುಗಾರರು ಅಕ್ಕಪಕ್ಕ ಕುಳಿತರೂ ಬರೆದು ಮುಗಿಯುವ ತನಕ ಮಾತಿಲ್ಲ, ಮುಖ ಸಿಂಡರಿಸುವುದೂ ಇಲ್ಲ.

ನೋಟಕ್ಕೆ ಮಾತ್ರ ಬರೀ 3 ಅಂಕ ಏಕೆ ಎಂಬುದು ಮೇಷ್ಟ್ರ ಪ್ರಶ್ನೆ. ಕಣ್ಣು ಎಂಥ ಮೋಸಗಾರ ಎಂಬುದಕ್ಕೆ ಒಂದು ಪ್ರಯೋಗವಿದೆ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಾರಸದ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಬಣ್ಣ ನೋಡಿದ ಹುಡುಗರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದರ ಪರಿಮಳವನ್ನು ಬಣ್ಣಿಸಿದರು! 2001ರಲ್ಲಿ ಇದು ಪ್ರಕಟವಾಯಿತು. ಅಂದಮೇಲೆ ಕಣ್ಣಿಗೆ 3 ಕೊಟ್ಟದ್ದೇ ಹೆಚ್ಚು ಎನ್ನಬೇಕು.

ಮಗ ಆ ಏಲ್‌ಗೆ 41 ಕೊಟ್ಟಿದ್ದ. ಪಕ್ಕದ ಅನುಭವಿ ತೀರ್ಪುಗಾರ ಕೊಟ್ಟದ್ದು 32. 'ಅವನಿಗೆ ವಿಸ್ಕಿ ಘಮದ ಮೋಹ, ಒಳಗಿದ್ದ ಹುಳಿ ತಿಳಿಯಲೇ ಇಲ್ಲ' ಎಂದು ಮೇಷ್ಟ್ರು ಮಗನನ್ನು ಬಿಟ್ಟುಕೊಟ್ಟರು. ಇಬ್ಬರ ನಡುವೆ 7ಕ್ಕಿಂತ ಹೆಚ್ಚು ಅಂತರವಿದ್ದರೆ ಅಲ್ಲಿ ಸಾಮಾನ್ಯವಾಗಿ ಹಾಗೇ ಬಿಡುವುದಿಲ್ಲ. ಇಬ್ಬರೂ ತಮ್ಮ ಟಿಪ್ಪಣಿ ಓದಿ, ಮತ್ತೆ ರುಚಿ ನೋಡಿ, ಚರ್ಚಿಸಿ ಹತ್ತಿರಕ್ಕೆ ಬರಬೇಕು. ಇವರು 35ಕ್ಕೆ ಒಪ್ಪಿದರಂತೆ.

ಹಾಗಾದರೆ ನಿಜವಾದ ಅಂಕ ಯಾವುದು? 41ರೋ, 32ರೋ, 35ರೋ? ಕ್ಯಾಲಿಫೋರ್ನಿಯಾದ ರಾಬರ್ಟ್ ಹಾಡ್ಸನ್ ಎಂಬ ವೈನ್ ತಯಾರಕರು ಈ ಪ್ರಶ್ನೆಯನ್ನು ನೇರವಾಗಿ ತೀರ್ಪುಗಾರರ ಮುಂದಿಟ್ಟರು. 2005ರಿಂದ ಅಲ್ಲಿನ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ, ಒಂದೇ ಬಾಟಲಿಯ ವೈನನ್ನು ಮೂರು ಲೋಟಗಳಲ್ಲಿ ಬೇರೆ ಬೇರೆ ನಂಬರು ಹಾಕಿ ಇತರ ಲೋಟಗಳ ನಡುವೆ ಸೇರಿಸಿದರು. ಮೂರಕ್ಕೂ ಹೆಚ್ಚುಕಡಿಮೆ ಒಂದೇ ದರ್ಜೆ ಕೊಟ್ಟವರು ನೂರಕ್ಕೆ ಹತ್ತು ಮಂದಿ ಮಾತ್ರ. ಆ ತೀರ್ಪುಗಾರರು ಕಳ್ಳರೂ ಅಲ್ಲ, ದಡ್ಡರೂ ಅಲ್ಲ, ಪಳಗಿದವರೇ.

ಇದನ್ನು ಹೇಳಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಮೌಲ್ಯಮಾಪನಕ್ಕೆ ಎಷ್ಟು ವರ್ಷ ಹೋಗಿದ್ದೇನೆ ನೋಡಿ. ಬೆಳಿಗ್ಗೆ ತಿದ್ದಿದ ಪತ್ರಿಕೆಯನ್ನೇ ಮಧ್ಯಾಹ್ನ ಊಟವಾದ ಮೇಲೆ ನನಗೆ ಗೊತ್ತಾಗದ ಹಾಗೆ ಕಟ್ಟಿನಲ್ಲಿ ಸೇರಿಸಿದ್ದರೆ ಅಷ್ಟೇ ಅಂಕ ಹಾಕ್ತಿದ್ದೆನೋ ಇಲ್ಲವೋ. ಒಳ್ಳೆ ಹುಡುಗನ ಪತ್ರಿಕೆ ಆದ ಮೇಲೆ ಬಂದದ್ದು ಪಾಪ, ಯಾವಾಗಲೂ ಸಪ್ಪೆ ಕಾಣೋದು. ಆಗ 35ಕ್ಕೆ ಪಾಸು, ನಾನು 33 ಹಾಕಿದವರೂ ಇದ್ದಾರೆ' ಎಂದರು. ನಾನು ಏನೂ ಹೇಳಲಿಲ್ಲ.

ನಾಲ್ಕಾರು ಮಾದರಿ ಮಾತ್ರ ನೋಡಿ ಎಷ್ಟು ಖಚಿತವಾಗಿ ಮಾತಾಡಬಹುದು ಎಂಬುದನ್ನು ಲೆಕ್ಕಕ್ಕೆ ತಂದವನೂ ಒಬ್ಬ ಬಿಯರ್ ಕಾರ್ಖಾನೆಯ ನೌಕರನೇ. ವಿಲಿಯಂ ಗಾಸೆಟ್ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆ ಸೇರಿದವನು. ಬಾರ್ಲಿಯ ತಳಿ, ಹಾಪ್ಸ್‌ನ ಗುಣ ಎಲ್ಲವನ್ನೂ ಕೆಲವೇ ಪರೀಕ್ಷೆಗಳಿಂದ ತೀರ್ಮಾನಿಸಬೇಕಿತ್ತು. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸುವುದನ್ನು ಕಂಪನಿ ಒಪ್ಪುತ್ತಿರಲಿಲ್ಲ. ಆದ್ದರಿಂದ 1908ರ ಪ್ರಬಂಧದಲ್ಲಿ ಅವನು ಹಾಕಿಕೊಂಡ ಹೆಸರು 'ಸ್ಟೂಡೆಂಟ್'. ಪದವಿ ತರಗತಿಯಲ್ಲಿ 'ಸ್ಟೂಡೆಂಟ್ಸ್ ಟಿ' ಪರೀಕ್ಷೆಯ ಲೆಕ್ಕ ಮಾಡಿದವರಿಗೆ ಆ ವಿದ್ಯಾರ್ಥಿ ಯಾರೆಂದು ಈಗ ಗೊತ್ತಾಗಿರಬೇಕು.

ನಾಲಿಗೆಯ ವಿದ್ಯೆ ಬಿಯರಿಗಷ್ಟೇ ಸೀಮಿತವಲ್ಲ. ಬೆಂಗಳೂರಿನ ಕಾಫಿ ಮಂಡಳಿ ಕಾಫಿಯ ಗುಣಮಟ್ಟ ಅಳೆಯುವುದಕ್ಕೇ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಚಮಚದಿಂದ ಸೊರ್ರೆಂದು ಸದ್ದು ಮಾಡಿ ಹೀರುವುದೂ ಆ ಕೆಲಸದ ಕ್ರಮವೇ. ಮನೆಯಲ್ಲಿ ಹಾಗೆ ಮಾಡಿ ಬೈಸಿಕೊಂಡ ಹುಡುಗರು ಗಮನಿಸಬಹುದು.

ಹೊರಡುವ ಮುಂಚೆ ಮೇಷ್ಟ್ರಿಗೆ ಬಿಯರ್ ಕಾರ್ಖಾನೆಗಳ ಇನ್ನೊಂದು ಉಪಾಯ ಹೇಳಿದೆ. ಮೂರು ಲೋಟ, ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಎಂದಷ್ಟೇ ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾದೀತು, ಆದ್ದರಿಂದ ಹಲವು ಸಲ ನೋಡಬೇಕು.

ವಾರ ಬಿಟ್ಟು ಅವರೇ ಫೋನು ಮಾಡಿದರು. ಮನೆಯಲ್ಲಿ ಹಳೆಯ ಅಂಗಡಿಯ ಕಾಫಿಪುಡಿ ಬಿಡಿಸಿ ಅಗ್ಗದ ಹೊಸ ಅಂಗಡಿಯದು ತಂದಿದ್ದರಂತೆ. ಮನೆಯವರು 'ಇದು ಬೇರೆ, ಚಿಕೋರಿ ಜಾಸ್ತಿ' ಎಂದು ಮೂರು ತಿಂಗಳಿಂದ ಹೇಳುತ್ತಿದ್ದರು. ಇವರು 'ಎಲ್ಲ ನಿನ್ನ ಭ್ರಮೆ' ಎನ್ನುತ್ತಿದ್ದರು. ಮೂರು ಸ್ಟೀಲ್ ಲೋಟ ಇಟ್ಟು, ಆರು ಸಲ ಪರೀಕ್ಷೆ ಮಾಡಿದರು. ಆಕೆ ಐದು ಸಲ ಸರಿಯಾಗಿ ಹಿಡಿದರು. ಬರೀ ಊಹೆಯಿಂದ ಆರರಲ್ಲಿ ಐದಾದರೂ ಸರಿಯಾಗುವ ಸಂಭವ 729ಕ್ಕೆ 13, ಅಂದರೆ ನೂರಕ್ಕೆ ಎರಡೂ ಇಲ್ಲ. ಲೆಕ್ಕ ಮೇಷ್ಟ್ರೇ ಹಾಕಿದ್ದು.

'ಪುಡಿ?' ಎಂದು ಕೇಳಿದೆ.

'ಹಳೇ ಅಂಗಡೀಲೇ ನಿಂತಿದ್ದೇನೆ. ಅರ್ಧ ಕೆಜಿ ಕಟ್ಟಿಸ್ತಾ ಇದ್ದೀನಿ' ಎಂದರು.